ಗಂಟಲಲ್ಲಿ ಕಪ್ಪೆ

ಕಳೆದ ವಾರ ನನ್ನ ಗಂಟಲು ಕಟ್ಟಿತ್ತು. ಬಾಯಿ ತೆರೆದರೆ ತುಕ್ಕು ಹಿಡಿದ ಗೇಟು ತೆಗೆದಂಥ ಸದ್ದು. ಮನೆಯಾಕೆ ಶುಂಠಿ, ಕಾಳುಮೆಣಸು ಜಜ್ಜಿ ಕಷಾಯಕ್ಕಿಟ್ಟಳು. ಎರಡನೆಯ ತರಗತಿಯ ಮೊಮ್ಮಗಳು ಮೊಬೈಲ್ ಟಾರ್ಚ್ ಹಿಡಿದು ಬಂದು, "ತಾತ, ಆ ಅನ್ನಿ. ಕಪ್ಪೆ ನೋಡಬೇಕು" ಎಂದಳು. ದನಿ ಕೆಟ್ಟವರ ಗಂಟಲಲ್ಲಿ ಕಪ್ಪೆ ಕೂತಿರುತ್ತದೆಂದು ಇಂಗ್ಲಿಷ್ ಮಿಸ್ ಹೇಳಿಕೊಟ್ಟಿದ್ದಾರಂತೆ. ಬಹಳ ಹೊತ್ತು ಹುಡುಕಿ, "ಕಪ್ಪೆ ಇಲ್ಲ, ಪುಟ್ಟ ಗಂಟೆಯೊಂದು ನೇತಾಡುತ್ತಿದೆ" ಎಂದು ಮುಖ ಸಣ್ಣ ಮಾಡಿಕೊಂಡು ಹೋದಳು. ಅವಳು ಕಂಡದ್ದು ನನ್ನ ಕಿರುನಾಲಗೆಯನ್ನು.

ಮಾತು ನಿಂತವನಿಗೆ ಯೋಚನೆಯೇ ಕೆಲಸ. ಇಂಗ್ಲಿಷಿನವರು ಈ ಗಂಟಲನ್ನು ಎಷ್ಟು ದುಡಿಸಿಕೊಂಡಿದ್ದಾರೆ! ಅದರಲ್ಲೂ ಜಗಳಕ್ಕೆ. ರೇಗಿದವನು ಎದುರಿನವನ ಗಂಟಲೊಳಕ್ಕೇ ಹಾರುತ್ತಾನೆ. ಬೇಡವಾದದ್ದನ್ನು ಒಪ್ಪಿಸಬೇಕಾದರೆ ಗಂಟಲಿಗೆ ತುರುಕುತ್ತಾರೆ. ನಾವಾದರೆ ಬಲವಂತದ ಮಾಘಸ್ನಾನ ಮಾಡಿಸುತ್ತೇವೆ. ಚಳಿ ಹತ್ತಿದರೂ ಮೈಯಾದರೂ ಶುದ್ಧವಾಗುತ್ತದೆ. ವ್ಯಾಪಾರದ ಪೈಪೋಟಿ ಅವರಿಗೆ 'ಕಟ್‌ಥ್ರೋಟ್', ಅಂದರೆ ಗಂಟಲು ಕೊಯ್ಯುವಂಥದ್ದು. ಮಡಚುವ ಕ್ಷೌರದ ಕತ್ತಿಗೂ ಅದೇ ಹೆಸರೆಂದು ತಿಳಿದ ಮೇಲೆ, ಕ್ಷೌರದಂಗಡಿಯಲ್ಲಿ ಕಣ್ಣು ಮುಚ್ಚಿ ತಲೆಯನ್ನು ಹಿಂದಕ್ಕೆ ಚೆಲ್ಲುವಾಗ ನನಗೆ ಒಂದು ಕ್ಷಣ ಅನುಮಾನವಾಗುತ್ತದೆ. ಆತ ಕತ್ತಿಯನ್ನು ಗಂಟಲಗುಳಿಯ ಹತ್ತಿರ ನಿಲ್ಲಿಸಿ, ಟೀವಿಯಲ್ಲಿ ವಿಕೆಟ್ ಬಿದ್ದದ್ದನ್ನು ನೋಡಿ, ಮತ್ತೆ ಮುಂದುವರಿಸುತ್ತಾನೆ.

ಅದಕ್ಕಿಂತ ಸೋಜಿಗ ಸ್ಕೂಟರಿನದು. ವೇಗ ಹೆಚ್ಚಿಸಲು ತಿರುವುವ 'ಥ್ರಾಟಲ್' ಎಂಬ ಮಾತು ಥ್ರೋಟ್‌ನ ಮಗು; ಕತ್ತು ಹಿಸುಕುವುದು ಎಂದೂ ಅದಕ್ಕೆ ಅರ್ಥ. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನೊಳಗೆ ಗಾಳಿ ನುಗ್ಗುವ ಇಕ್ಕಟ್ಟಾದ ಜಾಗವನ್ನೂ ಅವರು ಥ್ರೋಟ್ ಎಂದೇ ಕರೆಯುತ್ತಾರೆ. ಇನ್ನು 'ಚೋಕ್' ಎಂದರೆ ಉಸಿರುಗಟ್ಟಿಸುವುದು, ಅಂದರೆ ಗಾಳಿ ತಡೆದು ಪೆಟ್ರೋಲನ್ನು ಹೆಚ್ಚು ಕುಡಿಸುವುದು. ನನ್ನ ಹಳೆಯ ಸ್ಕೂಟರಿಗೆ ಚಳಿಗಾಲದ ಬೆಳಿಗ್ಗೆ ಮೊದಲು ಚೋಕ್ ಎಳೆದು, ನಾಲ್ಕು ಕಿಕ್ ಹೊಡೆದು, ಓರೆಯಾಗಿ ಬಗ್ಗಿಸಿ, ಮತ್ತೆ ನಾಲ್ಕು ಹೊಡೆಯುತ್ತಿದ್ದೆ. ಆಮೇಲೆ ಕಚೇರಿಯವರೆಗೂ ಥ್ರಾಟಲ್ ತಿರುವುತ್ತಲೇ ಹೋಗುತ್ತಿದ್ದೆ. ಹತ್ತಾರು ವರ್ಷ ದಿನವೂ ಹೀಗೆ ಉಸಿರುಗಟ್ಟಿಸಿ ಕತ್ತು ಹಿಸುಕಿದರೆ ಪಾಪ, ಅದು ಕೆಮ್ಮದೆ ಇನ್ನೇನು ಮಾಡೀತು?

ಗಂಟಲಿನ ಹೆಸರು ಹೊತ್ತು ಬಾಯಿ ಮುಚ್ಚಿಕೊಂಡವನೂ ಇದ್ದ. ಅಮೆರಿಕದ ಅಧ್ಯಕ್ಷ ನಿಕ್ಸನ್ನರ ಕುರ್ಚಿ ಕಸಿದ ವಾಟರ್‌ಗೇಟ್ ಹಗರಣದ ಒಳಸುಳಿವುಗಳನ್ನು ವಾಷಿಂಗ್ಟನ್ ಪೋಸ್ಟ್‌ಗೆ ಕೊಟ್ಟವನಿಗೆ ಪತ್ರಿಕೆಯವರು ಇಟ್ಟ ಗುಪ್ತನಾಮ 'ಡೀಪ್ ಥ್ರೋಟ್'. ಅದು ತಾನೇ ಎಂದು ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐನ ಮಾಜಿ ಅಧಿಕಾರಿ ಮಾರ್ಕ್ ಫೆಲ್ಟ್ ಬಹಿರಂಗವಾಗಿ ಒಪ್ಪಿಕೊಂಡದ್ದು 2005ರಲ್ಲಿ, ತೊಂಬತ್ತೊಂದರ ಇಳಿವಯಸ್ಸಿನಲ್ಲಿ.

ನಮ್ಮಲ್ಲಿ ಇದೇ ಗೇಣುದ್ದದ ಜಾಗಕ್ಕೆ ಪಾಲುಪಟ್ಟಿ ಆಗಿಹೋಗಿದೆ. ತಾಳಿ ಕಟ್ಟುವುದು ಕೊರಳಿಗೆ, ಸಾಲ ಬರುವುದು ಕುತ್ತಿಗೆಗೆ, ಮಗ್ಗಿ ಕೂರುವುದು ಕಂಠದಲ್ಲಿ, ಮುಳ್ಳು ಸಿಕ್ಕುವುದು ಗಂಟಲಲ್ಲಿ. ಒಪ್ಪಿಗೆಗೆ ಆಡಿಸಲು ಗೋಣು ಬೇರೆ. ಗಂಟಲಿಗೆ ತಾಳಿ ಕಟ್ಟಿದರು ಎಂದು ಹೇಳಿ ನೋಡಿ, ಪುರೋಹಿತರೂ ಎದ್ದು ಹೋದಾರು.

ಒಂದು ಕಡೆ ಮಾತ್ರ ಎರಡು ಭಾಷೆಗಳೂ ಕೂಡುತ್ತವೆ. ಮಗಳನ್ನು ಗಂಡನ ಮನೆಗೆ ಕಳುಹಿಸಿದ ದಿನ, ಕಾರು ತಿರುವಿನಲ್ಲಿ ಮರೆಯಾದಾಗ ನನ್ನ ಗಂಟಲುಬ್ಬಿ ಬಂತು. ಇಂಗ್ಲಿಷಿನವರು ಅಲ್ಲಿ ಉಂಡೆಯೊಂದಿದೆ ಎನ್ನುತ್ತಾರೆ. ಅಳು ಒತ್ತಿ ಬಂದಾಗ ಉಸಿರಿಗೆಂದು ಧ್ವನಿಪೆಟ್ಟಿಗೆಯ ಬಾಯಿ ಅಗಲವಾಗುತ್ತದೆ, ನುಂಗಲು ಹೊರಟರೆ ಅದು ಮುಚ್ಚಬೇಕಾಗುತ್ತದೆ. ಆ ಎಳೆದಾಟವೇ ಉಂಡೆ ಎಂದು ವೈದ್ಯರ ವಿವರಣೆ. ಅಂದು ಯಾರೋ ತಂದುಕೊಟ್ಟ ಕಾಫಿ ಕೈಯಲ್ಲೇ ಆರಿತ್ತು.

ಇಷ್ಟರಲ್ಲಿ ಕಷಾಯದ ಲೋಟ ಬಂತು. ಮೆಣಸು ಜಾಸ್ತಿಯಾಗಿ ಕಣ್ಣಲ್ಲಿ ನೀರಾಡಿತು. ಇನ್ನೊಂದು ಲೋಟ ಬೇಡವೆನ್ನಲು ದನಿಯೇ ಇರಲಿಲ್ಲ. ಗೋಣು ಆಡಿಸಿದೆ. ಅವಳು ಅದನ್ನು ಹೂಂ ಎಂದುಕೊಂಡಳು.