ಎಲ್ಲಿ ಇಳೀತೀರಿ?

ಮುಂಬೈ ಹತ್ತಿರದ ಡೊಂಬಿವಲಿಯಿಂದ ಕೊನೇ ಸ್ಟೇಷನ್ ಸಿಎಸ್‌ಎಂಟಿಗೆ 18 ವರ್ಷದಿಂದ ಲೋಕಲ್ ಟ್ರೇನಲ್ಲಿ ಓಡಾಡುತ್ತಿದ್ದೇನೆ. ನಮಗೆ ಅಲ್ಲಿ 'ಎಲ್ಲಿ ಇಳೀತೀರಿ?' ಅಂತ ಕೇಳೋದೂ ಒಂದೇ, ಬಸ್ ಕಿಟಕಿಯಿಂದ ಸೀಟಿಗೆ ಟವಲ್ ಎಸೆಯೋದೂ ಒಂದೇ. ಕೂತವನು ಬೇಗ ಸಿಗೋ ಠಾಣೆ ಸ್ಟೇಷನ್ ಅಂದರೆ ಆ ಸೀಟು ನಂದು. ಕೊನೆ ಹತ್ತಿರದ ದಾದರ್ ಅಂದರೆ ಪಕ್ಕದವನನ್ನು ಕೇಳಬೇಕು. ಅಷ್ಟೇ.

ಕಳೆದ ತಿಂಗಳು ಆಫೀಸ್ ಕೆಲಸದ ಮೇಲೆ ಮೂರು ವಾರ ಬೆಂಗಳೂರಿಗೆ ಬಂದಿದ್ದೆ. ಉಳಿದುಕೊಂಡಿದ್ದು ವಿಜಯನಗರದ ಅಕ್ಕನ ಮನೆಯಲ್ಲಿ, ಕೆಲಸ ಕುಂದಲಹಳ್ಳಿಯಲ್ಲಿ. 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿ, ಕೆ.ಆರ್. ಪುರ ಮಧ್ಯದ ತುಂಡೂ ಸೇರಿದ ಮೇಲೆ ಊರಿನ ಆ ತುದಿಯಿಂದ ಈ ತುದಿಗೆ ಒಂದೇ ಮೆಟ್ರೋದಲ್ಲಿ ಬರಬಹುದು, ಆದರೆ ಸಂಜೆ ಆರೂವರೆಗೆ ಹತ್ತಿದರೆ ನಿಂತುಕೊಂಡೇ.

ಅಭ್ಯಾಸಬಲ. ಎದುರಿಗೆ ಕೂತಿದ್ದ ಯಜಮಾನರನ್ನು ಕೇಳಿಯೇಬಿಟ್ಟೆ. ಅರವತ್ತು ದಾಟಿದವರು, ತೊಡೆ ಮೇಲೆ ಜವಳಿ ಅಂಗಡಿಯ ಬಟ್ಟೆ ಚೀಲ, ಅದರಿಂದ ಇಣುಕುವ ಸ್ಟೀಲ್ ಡಬ್ಬಿ.

"ಅತ್ತಿಗುಪ್ಪೆ" ಅಂದರು. ನನ್ನ ಸ್ಟಾಪ್ ಆದಮೇಲಿನದು! ಮುಂಬೈಯಲ್ಲಾಗಿದ್ದರೆ ಮಾತು ಅಲ್ಲಿಗೆ ಮುಗೀತು. ಇವರು ಅಲ್ಲಿಂದ ಶುರು ಮಾಡಿದರು.

"ನೀವು?"

"ವಿಜಯನಗರ."

"ವಿಜಯನಗರದಲ್ಲಿ ಎಲ್ಲಿ?"

"ಮಾರುತಿ ಮಂದಿರದ ಹತ್ತಿರ, ಅಕ್ಕನ ಮನೆ."

"ಹಂಗಾದ್ರೆ ನಿಮ್ಮೂರು?"

"ತಿಪಟೂರು ಕಡೆ. ಕಿಬ್ಬನಹಳ್ಳಿ ಕ್ರಾಸ್."

ಅಂದದ್ದೇ ತಡ, ಅವರ ನಾದಿನಿಯನ್ನು ಕೊಟ್ಟಿರುವುದು ನೊಣವಿನಕೆರೆಗಂತೆ. ಪಕ್ಕದ ಹುಡುಗನ ಮೊಣಕಾಲು ತಟ್ಟಿ, "ಸ್ವಲ್ಪ ಜರುಗಪ್ಪಾ, ನಮ್ಮ ಕಡೆಯವರು" ಅಂದರು. ಅವನಿಗೆ ಭಾಷೆ ತಿಳಿದಂತೆ ಕಾಣಲಿಲ್ಲ, ಕೈಸನ್ನೆ ತಿಳಿಯಿತು. ಒಂದು ಕಿವಿಯ ಇಯರ್‌ಫೋನ್ ತೆಗೆದು ಜರುಗಿದ. ನನಗೆ ನಾಲ್ಕು ಬೆರಳು ಜಾಗ ಸಿಕ್ಕಿತು.

"ಈಗ ಕೊಬ್ಬರಿ ರೇಟು ಎಷ್ಟು ನಡೀತಿದೆ?"

ನನಗೆ ಗೊತ್ತಿರಲಿಲ್ಲ. ಉಂಡೆ ಕೊಬ್ಬರಿ ದುಡ್ಡಲ್ಲೇ ಓದಿದವನು ನಾನು. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಲೊಟಲೊಟ ಅಂದರೆ "ಆಯ್ತು" ಅಂತ ಅಪ್ಪನಿಗೆ ಕೂಗಿ ಹೇಳುತ್ತಿದ್ದವನು. "ಗೊತ್ತಿಲ್ಲ ಸಾರ್" ಅಂದೆ. ಹೋದ ಹರಾಜಿನ ರೇಟು ಅವರೇ ಹೇಳಿದರು.

ಮುಂಬೈಯಲ್ಲಿ ಹನ್ನೊಂದು ವರ್ಷ ನನ್ನ ಎದುರು ಕೂತು ಬಂದವನೊಬ್ಬ ರಿಟೈರ್ ಆದ ದಿನ ಬೋಗಿಯವರಿಗೆಲ್ಲಾ ಪೇಡೆ ಹಂಚಿದ. ಅವನ ಊರು ಯಾವುದು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಅಲ್ಲಿ ಭಜನೆ ಇದೆ, ಇಸ್ಪೀಟ್ ಇದೆ, ಜಗಳ ಬೇಕಾದಷ್ಟಿದೆ, 'ನಿಮ್ಮೂರು ಯಾವುದು' ಮಾತ್ರ ಇಲ್ಲ. ಪ್ರೈವಸಿ ಅಂತಾರೆ. ನನಗೆ ಅದು ಬರೀ ಸೋಮಾರಿತನ ಅನಿಸುತ್ತೆ. ಕೆದಕಿ ಕೇಳೋ ನಮ್ಮವರೇ ವಾಸಿ. ಸಂಬಳ ಕೇಳಲಿ ಬೇಕಾದರೆ.

ಆದರೆ ಆ ಹುಡುಗ. ಜಾಗ ಬಿಟ್ಟವನು ಅವನು, ಅವನ ಊರು ಯಜಮಾನರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ತಿಪಟೂರು ಅನ್ನದೆ ರಾಂಚಿ ಅಂದಿದ್ದರೆ ಪ್ರಾಯಶಃ ನಿಂತೇ ಬರುತ್ತಿದ್ದೆ. ಡೊಂಬಿವಲಿಗೆ ಹೋದ ಹೊಸದರಲ್ಲಿ ನನಗೆ ಮರಾಠಿ ಬರುತ್ತಿರಲಿಲ್ಲ, ಹಿಂದಿ ಅಷ್ಟಕ್ಕಷ್ಟೆ. ಮೂರು ಜನರ ಸೀಟಲ್ಲಿ ನಾಲ್ಕನೆಯವನಾಗಿ ಅರ್ಧಂಬರ್ಧ ಕೂರಿಸಿಕೊಂಡವರು ನೀನ್ಯಾರು, ಎಲ್ಲಿಯವನು ಅಂತ ಕೇಳಿರಲಿಲ್ಲ. ಸುಮ್ನೆ ಜರುಗಿದ್ದರು. ಅದನ್ನೂ ಹೇಳಬೇಕಲ್ವಾ, ಹೇಳಿದ್ದೇನೆ.

ಮಾತಿನಲ್ಲಿ ವಿಜಯನಗರ ದಾಟಿಹೋಗಿತ್ತು. ಊರವರನ್ನೆಲ್ಲಾ ಎಲ್ಲಿ ಇಳೀತೀರಿ ಅಂತ ಕೇಳೋ ನಾನು ಅವರ ಜೊತೆ ಅತ್ತಿಗುಪ್ಪೆಯಲ್ಲಿ ಇಳಿದು ನಡೆದುಕೊಂಡು ವಾಪಸ್ ಬಂದೆ. ಚಪ್ಪಲಿ ಬಿಡುತ್ತಾ ಭಾವನನ್ನು ಕೇಳಿದೆ, ಕೊಬ್ಬರಿ ರೇಟು ಇಷ್ಟಂತೆ, ಹೌದಾ ಅಂತ.

ಭಾವ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಯಾಕಯ್ಯಾ, ತೋಟ ಮಾರೋ ಯೋಚನೆ ಇದೆಯಾ?"