ಸಿಳ್ಳೆ ಹೊಡೆದ ಅರ್ಜಿ

ಕಾಸರಗೋಡಿನ ಬದಿಯಡ್ಕ ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿ, ಒಂದು ಫ್ಯಾಕ್ಸ್ ಕಳಿಸಬೇಕಿತ್ತು ಎಂದೆ. ಹುಡುಗ ನನ್ನ ಮುಖವನ್ನೇ ನೋಡಿದ.

"ಮಾಷ್ಟ್ರೇ, ಅದು ಇನ್ನೂ ಉಂಟಾ?"

ಉಂಟು. ಒಂದು ಕಚೇರಿಯಲ್ಲಿ ಉಂಟು. ಅಲ್ಲಿಗೆ ನಾನು ಅರ್ಜಿಯನ್ನು ಇಮೇಲ್ ಮಾಡಿದ್ದೆ. ಫೋನ್ ಬಂತು: "ಇಮೇಲ್ ಆಗುವುದಿಲ್ಲ ಸಾರ್, ಸಹಿ ಅಸಲಿ ಬೇಕು. ಫ್ಯಾಕ್ಸ್ ಮಾಡಿ." ಫ್ಯಾಕ್ಸಿನಲ್ಲಿ ಹೋದ ಸಹಿ ಅಸಲಿಯಂತೆ!

ಹುಡುಗ ಅಟ್ಟದಿಂದ ಹಳೇ ಮೋಡೆಮ್ ಇಳಿಸಿದ. ಒಳಗಿದ್ದ ಜಿರಳೆಯನ್ನು ಕೊಡವಿ ಕಂಪ್ಯೂಟರಿಗೆ ಸಿಕ್ಕಿಸಿದ. ತಂತಿಯಲ್ಲಿ ಕಾಗದದ ನಕಲು ಕಳಿಸುವ ಈ ಫ್ಯಾಕ್ಸ್ ವಿದ್ಯೆ ಫೋನಿಗಿಂತಲೂ ಹಳೆಯದು. ಅಲೆಕ್ಸಾಂಡರ್ ಬೇನ್ ಇದಕ್ಕೆ ಪೇಟೆಂಟ್ ಪಡೆದದ್ದು 1843ರಲ್ಲಿ, ಬೆಲ್ ಫೋನಿಗೆ ಪಡೆದದ್ದು 1876ರಲ್ಲಿ.

ಅರ್ಜಿ ಮೊದಲು ಚುಕ್ಕಿಯಾಗಬೇಕು. ಗೆರೆಗೆ 1728 ಚುಕ್ಕಿ, ಕಪ್ಪು ಇಲ್ಲವೇ ಬಿಳಿ. ಫೋನ್ ತಂತಿಗೆ ಸದ್ದು ಬಿಟ್ಟು ಬೇರೇನೂ ತಿಳಿಯದಲ್ವಾ? ಹಾಗಾಗಿ ಮೋಡೆಮ್ ಆ ಚುಕ್ಕಿಗಳನ್ನು ಸದ್ದು ಮಾಡುತ್ತದೆ. ಅದಕ್ಕೂ ಮೊದಲು ಪರಿಚಯ. ನಮ್ಮದು 1100 ಹರ್ಟ್ಸ್‌ನಲ್ಲಿ ಅರ್ಧ ಸೆಕೆಂಡ್ ಕೂಗಿ, 3 ಸೆಕೆಂಡ್ ಕಾಯುತ್ತದೆ. ಆಚೆಯದು 2100 ಹರ್ಟ್ಸ್‌ನಲ್ಲಿ ಓಗೊಡುತ್ತದೆ. ಮತ್ತೆ ಥೇಟ್ ಮೀನು ಮಾರ್ಕೆಟ್ಟಿನ ಚೌಕಾಸಿ. ಸೆಕೆಂಡಿಗೆ 14,400 ಬಿಟ್ ಆಗ್ತದಾ? ಇಲ್ಲ. 9,600? ಲೈನ್ ಕರಕರ ಅಂತಿದೆ, 4,800ಕ್ಕೆ ಕೊಡು.

ಒಂದು ಮಾತು ಮಾತ್ರ ಒಪ್ಪಬೇಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡ ಅರ್ಜಿ ಹಿಡಿದು ಎಷ್ಟು ಮೇಜು ಸುತ್ತಿದ್ದೇವೋ! "ಮಲಯಾಳದಲ್ಲಿ ಬರೆದು ತನ್ನಿ" ಎಂದು ಹೇಳದ್ದು ಈ ಫ್ಯಾಕ್ಸ್ ಒಂದೇ. ಅದಕ್ಕೆ ನಮ್ಮ 'ಅ'ವೂ ಚುಕ್ಕಿ, ಅವರ 'ಅ'ವೂ ಚುಕ್ಕಿ.

ಎರಡು ಸಲ ಅರ್ಧದಲ್ಲೇ ಕಡಿಯಿತು. ಅಂಗಡಿಯ ಲೈನ್ ಈಗ ಫೈಬರ್. ಅದು ಸದ್ದನ್ನು ತುಂಡು ತುಂಡು ಮಾಡಿ ಕಳಿಸುತ್ತದೆ. ನಾವು ಮಾತಾಡುವಾಗ ಒಂದು ತುಂಡು ಕಳೆದುಹೋದರೂ "ಹಾಂ?" ಅಂದರಾಯಿತು. ಮೋಡೆಮ್ ಮುನಿಸಿಕೊಂಡು ಫೋನ್ ಇಟ್ಟೇಬಿಡುತ್ತದೆ. ಮೂರನೇ ಸಲ ಹೋಯಿತು. ಹುಡುಗ ಎದ್ದು ಚಪ್ಪಾಳೆ ಹೊಡೆದ.

ಸಂಜೆ ಕಚೇರಿಗೆ ಫೋನ್ ಮಾಡಿದೆ. ಅಲ್ಲಿಯೂ ಫ್ಯಾಕ್ಸ್ ಬಂದು ಬೀಳುವುದು ಕಂಪ್ಯೂಟರಿಗೇ ಅಂತೆ. ಅದನ್ನು ಪ್ರಿಂಟ್ ತೆಗೆದು, ಸೀಲು ಹೊಡೆದು, ಸ್ಕ್ಯಾನ್ ಮಾಡಿ ಮೇಲಿನ ಕಚೇರಿಗೆ ಇಮೇಲ್ ಮಾಡುತ್ತಾರಂತೆ.

"ನಿಮ್ಮದು ಸಿಕ್ಕಿದೆ ಸಾರ್. ಆದರೆ ಸಹಿ ಇದ್ದಲ್ಲಿ ಬರೀ ಕಪ್ಪು ಪಟ್ಟಿ. ಒಂದು ಉಪಕಾರ ಮಾಡಿ, ಮೊನ್ನೆಯ ಆ ಇಮೇಲ್ ಇನ್ನೊಮ್ಮೆ ಕಳಿಸ್ತೀರಾ?"