ಪರ-ವಿರೋಧ: ಮೂಳೆ ಕ್ಯಾನ್ಸರ್ ಹೇಗೆ ಹರಡುತ್ತದೆ ಎಂಬ ಸಂಶೋಧನೆಗೆ ನಮ್ಮ ದುಡ್ಡು ಹಾಕಬೇಕೆ?

ಪರ (ಜೀವಶಾಸ್ತ್ರ ಶಿಕ್ಷಕಿ, ರಾಯಚೂರು)

ಹಾಕಲೇಬೇಕು. ನನ್ನ ಕ್ಲಾಸಿನ ಹುಡುಗನೊಬ್ಬ ಮೊಣಕಾಲಿನ ಮೇಲೆ ಬಾವು ಅಂತ ಕುಂಟುತ್ತಾ ಬರುತ್ತಿದ್ದ. 15 ವರ್ಷ. ಆಸ್ಟಿಯೋಸಾರ್ಕೋಮಾ, ಅಂದರೆ ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್ ಎಂದರು. ಬೆಂಗಳೂರಲ್ಲಿ ಕೀಮೋ ಆಯಿತು, ಕಾಲು ತೆಗೆದರು. ಊರುಗೋಲು ಹಿಡಿದು ಬಂದು ಮತ್ತೆ ಮೊದಲ ಬೆಂಚಲ್ಲೇ ಕೂತ. ಮುಂದಿನ ವರ್ಷ ಕೆಮ್ಮು ಶುರುವಾಯಿತು. ಶ್ವಾಸಕೋಶದಲ್ಲಿ ಗಡ್ಡೆ. ಕಾಲು ತೆಗೆಯುವ ಮೊದಲೇ ಕ್ಯಾನ್ಸರಿನ ಕಣಗಳು, ಅಂದರೆ ಜೀವಕೋಶಗಳು, ರಕ್ತ ಹಿಡಿದು ಹೊರಟಿದ್ದವು.

ಶ್ವಾಸಕೋಶಕ್ಕೇ ಯಾಕೆ? ಕ್ಯಾನ್ಸರ್ ಕಣ ಬೀಜ, ಅಂಗ ನೆಲ, ಒಗ್ಗಿದ ನೆಲದಲ್ಲೇ ಬೀಜ ಮೊಳೆಯುತ್ತದೆ ಅಂತ ಇಂಗ್ಲೆಂಡಿನ ವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲೇ ಬರೆದರು. ಎರೆ ಮಣ್ಣಲ್ಲಿ ಬಿಳಿಜೋಳ, ಮಸಾರಿ ಮಣ್ಣಲ್ಲಿ ಶೇಂಗಾ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಈ ಗಡ್ಡೆಯಲ್ಲಿ ಕಣಕ್ಕೆ ಬ್ರೇಕ್ ಹಾಕುವ ಟಿಪಿ53, ಆರ್‌ಬಿ1 ಜೀನ್‌ಗಳು ಬಹಳ ಸಲ ಕೆಟ್ಟಿರುತ್ತವೆ. ವಿಇಜಿಎಫ್ ಎಂಬ ಪ್ರೋಟೀನ್ ಹೊಸ ರಕ್ತನಾಳಗಳನ್ನು ಕರೆಸಿಕೊಳ್ಳುತ್ತದೆ. ಆ ಕರೆ ಮುಟ್ಟದ ಹಾಗೆ ಮಾಡುವ ಮಾತ್ರೆ ರೆಗೊರಾಫೆನಿಬ್. 2019ರಲ್ಲಿ ಪ್ರಕಟವಾದ ಫ್ರಾನ್ಸಿನ ಪ್ರಯೋಗದಲ್ಲಿ ಅದು ಹರಡಿದ ಕಾಯಿಲೆಯನ್ನು ಸುಮಾರು 16 ವಾರ ತಡೆದು ನಿಲ್ಲಿಸಿತು. ಔಷಧಿಯಿಲ್ಲದ ಮಾತ್ರೆ ನುಂಗಿದವರಲ್ಲಿ 4 ವಾರ. 16 ವಾರ ಒಬ್ಬ ತಾಯಿಗೆ ಸಣ್ಣದಲ್ಲ. ಮೆಥೊಟ್ರೆಕ್ಸೇಟ್, ಡಾಕ್ಸೊರುಬಿಸಿನ್, ಸಿಸ್ಪ್ಲಾಟಿನ್: 1980ರ ದಶಕದಿಂದ ಮುಖ್ಯವಾಗಿ ಇದೇ ಮೂರು ಕೀಮೋ. ಇನ್ನೆಷ್ಟು ಕಾಯುವುದು?

ವಿರೋಧ (ನಿವೃತ್ತ ಆರೋಗ್ಯ ಸಹಾಯಕ, ಸಿಂಧನೂರು)

ವಿರೋಧ ಬರೆಯಿರಿ ಎಂದು ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಸಂಶೋಧನೆಯೇ ಬೇಡ ಎನ್ನುವವನಲ್ಲ ನಾನು. ಆದರೆ ಜೀನ್‌ಗಳ ಹೆಸರು ಬಾಯಿಪಾಠ ಮಾಡಿದರೆ ಹಳ್ಳಿ ಹುಡುಗನ ಕಾಲು ಉಳಿಯುತ್ತದೆಯೇ? ಕಣ ಮೊದಲೇ ಹೊರಟಿರುತ್ತದೆ ಎನ್ನುವುದು ದೊಡ್ಡ ಡಾಕ್ಟರುಗಳ ಚರ್ಚೆ, ಅವರಿಗೇ ಬಿಡೋಣ. ಆ ದುಡ್ಡಲ್ಲಿ ತಾಲ್ಲೂಕಿಗೊಂದು ಒಳ್ಳೆಯ ಎಕ್ಸರೇ ಕೊಡಿ. ಅದನ್ನು ನೋಡಿ ಹೇಳುವ ಡಾಕ್ಟರನ್ನು ಕೊಡಿ. ಬೆಂಗಳೂರಿಗೆ ಹೋಗಿಬರುವ ಬಸ್ ಚಾರ್ಜು ಕೊಡಿ.

ನಾನು ಕೆಲಸದಲ್ಲಿದ್ದಾಗ ಒಂಬತ್ತನೇ ಕ್ಲಾಸಿನ ಹುಡುಗಿಯನ್ನು ಅವಳಪ್ಪ ಸೈಕಲ್ ಮೇಲೆ ಕೂರಿಸಿಕೊಂಡು ಬಂದಿದ್ದರು. ಮೊಣಕಾಲು ಊದಿತ್ತು, ರಾತ್ರಿಯೆಲ್ಲ ನೋವು. ಆಟದಲ್ಲಿ ಉಳುಕಿದೆ ಎಂದು ಮೂರು ತಿಂಗಳು ಎಣ್ಣೆ ಹಾಕಿ ತಿಕ್ಕಿಸಿದ್ದರು. ಎಕ್ಸರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ತೊಡೆ ಮೂಳೆಯ ತುದಿ ಗೆದ್ದಲು ತಿಂದ ಕಟ್ಟಿಗೆಯ ಹಾಗಿತ್ತು. "ಇನ್ನು ತಿಕ್ಕಿಸೋದು ಬ್ಯಾಡೇನ್ರಿ?" ಎಂದು ಅವಳಪ್ಪ ಕೇಳಿದರು. ಎಣ್ಣೆ ಬಾಟಲಿ ಅವರ ಚೀಲದಲ್ಲೇ ಇತ್ತು.